ಬಿಸಿನೆಸ್ ಪದವಿಗೆ ಅರ್ಜಿ ಹಾಕುವ ಮುನ್ನ: ವಿಶ್ವವಿದ್ಯಾಲಯಗಳ ಷರತ್ತುಗಳನ್ನು ಹೋಲಿಸುವ ಕ್ರಮ

"ಬಿಸಿನೆಸ್ ಓದಬೇಕು ಅಂತಿದ್ದೇನೆ. ಯಾವ ಯೂನಿವರ್ಸಿಟಿಗೆ ಎಷ್ಟು ಪರ್ಸೆಂಟ್ ಬೇಕು?" ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವ ವಿದ್ಯಾರ್ಥಿಗಳಿಂದಲೂ ಅವರ ಮನೆಯವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಉತ್ತರವಾಗಿ ಒಂದು ಸಂಖ್ಯೆ ಹೇಳಿಬಿಡುವುದು ಸುಲಭ. ಆದರೆ ಆ ಸಂಖ್ಯೆಯಿಂದಲೇ ಹೋಲಿಕೆ ಶುರು ಮಾಡಿದವರು ಎಡವುವುದು ಹೆಚ್ಚು. ಒಳ್ಳೆಯ ಅಂಕಗಳಿದ್ದೂ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗಬಹುದು. ಕಾರಣ ನೋಡಿದರೆ, ಅಲ್ಲಿ ಕೇಳುವ ಗಣಿತದ ಕೋರ್ಸನ್ನು ವಿದ್ಯಾರ್ಥಿ ತೆಗೆದುಕೊಂಡೇ ಇರುವುದಿಲ್ಲ. ಅಂಕವನ್ನು ಕೊನೆಯ ವರ್ಷದಲ್ಲೂ ಏರಿಸಬಹುದು, ಎರಡು ವರ್ಷದ ಹಿಂದೆ ಬಿಟ್ಟ ವಿಷಯವನ್ನು ಹಿಂದಕ್ಕೆ ತರುವುದು ಕಷ್ಟ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅಂಕದ ಮಾತು ನಾಲ್ಕನೆಯ ಹಂತದಲ್ಲಿ ಬರುತ್ತದೆ. ದಯವಿಟ್ಟು ಅಲ್ಲಿಗೆ ನೇರವಾಗಿ ಹಾರಬೇಡಿ.

ಶುರು ಮಾಡಲು ಬೇಕಾಗುವುದು ಇಷ್ಟು: ನೀವು ಓದಿದ ಮತ್ತು ಓದುತ್ತಿರುವ ವಿಷಯಗಳ ಪಟ್ಟಿ (ಕೋರ್ಸ್ ಕೋಡ್ ಇದ್ದರೆ ಅದೂ ಸೇರಿ), ಈವರೆಗಿನ ಅಂಕಪಟ್ಟಿಗಳು, ಒಂದು ಸ್ಪ್ರೆಡ್‌ಶೀಟ್ ಅಥವಾ ಅಗಲವಾದ ನೋಟ್‌ಬುಕ್, ಮತ್ತು ನಿಮ್ಮ ಮನಸ್ಸಿನಲ್ಲಿರುವ ಆರೆಂಟು ಕೋರ್ಸುಗಳ ಅಧಿಕೃತ ಪುಟಗಳು. ಇಪ್ಪತ್ತು ಹೆಸರು ಬರೆದುಕೊಂಡರೆ ಒಂದನ್ನೂ ಸರಿಯಾಗಿ ಓದಲು ಆಗುವುದಿಲ್ಲ.

ಮೂರು ಪದಗಳನ್ನು ಮೊದಲೇ ಬಿಡಿಸಿಕೊಳ್ಳೋಣ, ಮುಂದೆ ಉದ್ದಕ್ಕೂ ಬರುತ್ತವೆ.

ಪೂರ್ವಾರ್ಹತೆ: ಇಂಥ ವಿಷಯ ಓದಿರಲೇಬೇಕು ಎನ್ನುವ ಷರತ್ತು. ಇಲ್ಲದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ.

ಕನಿಷ್ಠ ಅರ್ಹತೆ: ಇದಕ್ಕಿಂತ ಕೆಳಗಿದ್ದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ ಎನ್ನುವ ಗೆರೆ. ಗೆರೆ ದಾಟಿದ ಮಾತ್ರಕ್ಕೆ ಸೀಟು ಸಿಗುತ್ತದೆ ಎಂದಲ್ಲ.

ಸ್ಪರ್ಧೆಯ ಮಟ್ಟ: ಸೀಟು ಸಿಕ್ಕವರು ನಿಜಕ್ಕೂ ಎಷ್ಟು ಅಂಕ ಪಡೆದಿದ್ದರು ಎನ್ನುವುದು. ಇದು ಪ್ರತಿ ವರ್ಷ ಬದಲಾಗುತ್ತದೆ, ಯಾರೂ ಇದನ್ನು ಮೊದಲೇ ಖಾತ್ರಿಪಡಿಸಲಾರರು.

ಒಂದು ವಿಶ್ವವಿದ್ಯಾಲಯದ ಕನಿಷ್ಠವನ್ನು ಇನ್ನೊಂದರ ಸ್ಪರ್ಧೆಯ ಮಟ್ಟದ ಪಕ್ಕದಲ್ಲಿಟ್ಟು "ಇದು ಸುಲಭ, ಅದು ಕಷ್ಟ" ಎಂದು ತೀರ್ಮಾನಿಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಸ್ಪ್ರೆಡ್‌ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ಹಂತ 1: ಪ್ರವೇಶ ಯಾವ ವರ್ಷದಲ್ಲಿ ಎಂದು ನೋಡಿ

ಬಿಬಿಎ, ಬಿಕಾಂ, ಬಿಎಸ್‌ಸಿ ಮ್ಯಾನೇಜ್‌ಮೆಂಟ್, ಎಚ್‌ಬಿಎ ಎಂಬ ಹೆಸರುಗಳ ವ್ಯತ್ಯಾಸಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಕೆಲವು ಕಡೆ ಹೈಸ್ಕೂಲ್ ಮುಗಿದ ಕೂಡಲೇ ಬಿಸಿನೆಸ್ ಸ್ಕೂಲಿಗೇ ಸೇರುತ್ತೀರಿ. ಇದಕ್ಕೆ ನೇರ ಪ್ರವೇಶ ಎನ್ನುತ್ತಾರೆ. ಇನ್ನು ಕೆಲವು ಕಡೆ ಮೊದಲು ವಿಶ್ವವಿದ್ಯಾಲಯಕ್ಕೆ ಸೇರಿ, ಒಂದೆರಡು ವರ್ಷ ಓದಿ, ಆಮೇಲೆ ಬಿಸಿನೆಸ್ ಸ್ಕೂಲಿಗೆ ಮತ್ತೆ ಅರ್ಜಿ ಹಾಕಬೇಕು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ (1881ರಲ್ಲಿ ಶುರುವಾದದ್ದು, ಬಿಸಿನೆಸ್ ಸ್ಕೂಲುಗಳಲ್ಲೇ ಬಹಳ ಹಳೆಯದು) ಮೊದಲ ವರ್ಷಕ್ಕೇ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಹಾಸ್ ಸ್ಕೂಲ್ ಬಹುಕಾಲ ಎರಡು ವರ್ಷದ ನಂತರ ಪ್ರವೇಶ ಕೊಡುತ್ತಿತ್ತು, 2024ರಿಂದ ಅದೂ ನಾಲ್ಕು ವರ್ಷದ ಕೋರ್ಸಾಗಿ ಹೈಸ್ಕೂಲಿನಿಂದ ನೇರವಾಗಿ ಸೇರಿಸಿಕೊಳ್ಳುತ್ತಿದೆ. ಹಳೆಯ ಲೇಖನ ಓದಿ "ಹಾಸ್‌ಗೆ ಮೂರನೇ ವರ್ಷದಲ್ಲಿ ಸೇರಿದರಾಯಿತು" ಎಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದ ಐವಿ ಸ್ಕೂಲಿನದು ಎರಡರ ನಡುವಿನ ದಾರಿ. ಎಚ್‌ಬಿಎ ಪದವಿಯ ಮೊದಲ ಎರಡು ವರ್ಷ ಬೇರೆ ವಿಭಾಗದಲ್ಲಿ, ಕೊನೆಯ ಎರಡು ವರ್ಷ ಐವಿಯಲ್ಲಿ. ಹೈಸ್ಕೂಲಿನಲ್ಲಿರುವಾಗಲೇ ಷರತ್ತಿನ ಮೇಲೆ ಜಾಗ ಕಾದಿರಿಸುವ ವ್ಯವಸ್ಥೆಯೂ ಇದೆ, ಅದನ್ನು ಅಡ್ವಾನ್ಸ್ಡ್ ಎಂಟ್ರಿ ಆಪರ್ಚುನಿಟಿ, ಚಿಕ್ಕದಾಗಿ ಎಇಒ, ಎನ್ನುತ್ತಾರೆ. ಜಾಗ ಕಾದಿರಿಸಿದವರೂ ಮೊದಲ ಎರಡು ವರ್ಷ ನಿಗದಿತ ಸರಾಸರಿ ಉಳಿಸಿಕೊಳ್ಳಬೇಕು, ನಿಗದಿತ ಬಿಸಿನೆಸ್ ಕೋರ್ಸ್ ಮುಗಿಸಿರಬೇಕು. ಅಂದರೆ ಇಲ್ಲಿ ಷರತ್ತು ಎರಡು ಕಡೆ ಇದೆ, ಎರಡನ್ನೂ ಬರೆದುಕೊಳ್ಳಿ.

ಭಾರತದ ಐಐಎಂ ಇಂದೋರ್ 2011ರಲ್ಲಿ ಶುರು ಮಾಡಿದ ಐಪಿಎಂ ಮತ್ತೊಂದು ಬಗೆ. ಹನ್ನೆರಡನೇ ತರಗತಿಯ ನಂತರ ಐದು ವರ್ಷ, ಪದವಿ ಮತ್ತು ಸ್ನಾತಕೋತ್ತರ ಒಟ್ಟಿಗೇ. ಇದನ್ನು ಮೂರು ವರ್ಷದ ಬಿಬಿಎ ಜೊತೆ ಒಂದೇ ಸಾಲಿನಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಒಂದೆರಡು ವರ್ಷ ಓದಿದ ಮೇಲೆ ಮತ್ತೆ ಅರ್ಜಿ ಹಾಕಬೇಕಾದ ಕೋರ್ಸು ನಿಮ್ಮ ಪಟ್ಟಿಯಲ್ಲಿದ್ದರೆ ಒಂದು ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಿ: ಎರಡು ವರ್ಷ ಕಳೆದ ಮೇಲೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಗದಿದ್ದರೆ ಅಲ್ಲಿ ಬೇರೆ ಯಾವ ಪದವಿ ಮುಗಿಸುತ್ತೀರಿ? ಅದು ನಿಮಗೆ ಒಪ್ಪಿಗೆಯೇ? ಉತ್ತರ ಗೊತ್ತಿಲ್ಲದೆ ಸೇರಬೇಡಿ.

ಹಂತ 2: ಗಣಿತದ ಷರತ್ತನ್ನು ಪದ ಪದವಾಗಿ ಓದಿ

ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚಿನವರ ಯೋಜನೆ ಕೆಡುವುದು ಇಲ್ಲೇ.

"ಬಿಸಿನೆಸ್‌ಗೆ ಗಣಿತ ಯಾಕೆ?" ಎಂದು ಕೇಳುವವರಿದ್ದಾರೆ. ಪದವಿಯ ಮೊದಲ ವರ್ಷದಲ್ಲೇ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಹಣಕಾಸಿನ ವಿಷಯಗಳು ಬರುತ್ತವೆ. ಉತ್ಪಾದನೆ ಒಂದು ಘಟಕ ಹೆಚ್ಚಾದರೆ ವೆಚ್ಚ ಎಷ್ಟು ಹೆಚ್ಚುತ್ತದೆ ಎಂಬ ಸರಳ ಪ್ರಶ್ನೆಯೂ ಕ್ಯಾಲ್ಕುಲಸ್‌ನ ಪ್ರಶ್ನೆಯೇ. ಅದಕ್ಕೇ ಸ್ಪರ್ಧೆ ಹೆಚ್ಚಿರುವ ಕೋರ್ಸುಗಳು ಗಣಿತವನ್ನು ಬಿಡುವುದಿಲ್ಲ.

ಆದರೆ "ಗಣಿತ ಬೇಕು" ಎಂಬ ಎರಡು ಪದದ ಹಿಂದೆ ಹತ್ತು ಅರ್ಥಗಳಿರುತ್ತವೆ. ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನೇ ನೋಡಿ. ಅಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗಾಗಿ ಹನ್ನೆರಡನೇ ತರಗತಿಯಲ್ಲಿ ಮೂರು ಗಣಿತ ಕೋರ್ಸುಗಳಿವೆ: ಅಡ್ವಾನ್ಸ್ಡ್ ಫಂಕ್ಷನ್ಸ್, ಕ್ಯಾಲ್ಕುಲಸ್ ಅಂಡ್ ವೆಕ್ಟರ್ಸ್, ಡೇಟಾ ಮ್ಯಾನೇಜ್‌ಮೆಂಟ್. ಟೊರಾಂಟೊ ವಿಶ್ವವಿದ್ಯಾಲಯದ ರಾಟ್‌ಮನ್ ಕಾಮರ್ಸ್ ಕೇಳುವುದು ಕ್ಯಾಲ್ಕುಲಸ್ ಅಂಡ್ ವೆಕ್ಟರ್ಸ್. ಅದೇ ನಗರದಲ್ಲಿರುವ ಯಾರ್ಕ್ ವಿಶ್ವವಿದ್ಯಾಲಯದ ಶೂಲಿಕ್ ಬಿಬಿಎ ಕೇಳುವುದು ಅಡ್ವಾನ್ಸ್ಡ್ ಫಂಕ್ಷನ್ಸ್, ಅದರ ಜೊತೆಗೆ ಉಳಿದೆರಡರಲ್ಲಿ ಯಾವುದಾದರೂ ಒಂದು. ಆದ್ದರಿಂದ ಅಡ್ವಾನ್ಸ್ಡ್ ಫಂಕ್ಷನ್ಸ್ ಜೊತೆ ಡೇಟಾ ಮ್ಯಾನೇಜ್‌ಮೆಂಟ್ ಆರಿಸಿಕೊಂಡು ಕ್ಯಾಲ್ಕುಲಸ್ ಬಿಟ್ಟ ವಿದ್ಯಾರ್ಥಿಗೆ ಒಂದು ಕಡೆ ಅವಕಾಶ ಉಳಿಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕ್ಯಾಲ್ಕುಲಸ್ ಅಂಡ್ ವೆಕ್ಟರ್ಸ್ ತೆಗೆದುಕೊಳ್ಳಬೇಕಾದರೆ ಅಡ್ವಾನ್ಸ್ಡ್ ಫಂಕ್ಷನ್ಸನ್ನು ಅದಕ್ಕಿಂತ ಮೊದಲು ಅಥವಾ ಅದರ ಜೊತೆಗೇ ಓದಬೇಕು. ಅಡ್ವಾನ್ಸ್ಡ್ ಫಂಕ್ಷನ್ಸ್‌ಗೆ ಹೋಗುವ ಸಾಮಾನ್ಯ ದಾರಿ ಹನ್ನೊಂದನೇ ತರಗತಿಯ ಫಂಕ್ಷನ್ಸ್ ಕೋರ್ಸು. ಹನ್ನೊಂದರಲ್ಲಿ ಅದರ ಬದಲು ಹಗುರವಾದ ಫಂಕ್ಷನ್ಸ್ ಅಂಡ್ ಅಪ್ಲಿಕೇಶನ್ಸ್ ತೆಗೆದುಕೊಂಡವರಿಗೆ ಡೇಟಾ ಮ್ಯಾನೇಜ್‌ಮೆಂಟ್ ಸಿಗುತ್ತದೆ, ಅಡ್ವಾನ್ಸ್ಡ್ ಫಂಕ್ಷನ್ಸ್ ನೇರವಾಗಿ ಸಿಗುವುದಿಲ್ಲ. ಹೀಗೆ ಹದಿನಾರನೇ ವಯಸ್ಸಿನಲ್ಲಿ ತುಂಬಿದ ಒಂದು ಕೋರ್ಸ್ ಆಯ್ಕೆಯ ಹಾಳೆ ಎರಡು ವರ್ಷದ ಮುಂದಿನ ಪಟ್ಟಿಯನ್ನು ನಿರ್ಧರಿಸಿಬಿಡುತ್ತದೆ. ನೀವು ಈಗ ಒಂಬತ್ತು ಅಥವಾ ಹತ್ತರಲ್ಲಿದ್ದರೆ ಈ ಹಂತವೊಂದನ್ನಾದರೂ ಈಗಲೇ ಮಾಡಿ, ಉಳಿದವು ಕಾಯಬಹುದು.

ಇಂಟರ್‌ನ್ಯಾಷನಲ್ ಬಾಕಲರಿಯೇಟ್, ಅಂದರೆ ಐಬಿ, ಓದುತ್ತಿರುವವರಿಗೂ ಇದೇ ಬಗೆಯ ಎಚ್ಚರಿಕೆ. 2021ರಲ್ಲಿ ಮೊದಲ ಪರೀಕ್ಷೆ ನಡೆದ ಹೊಸ ಪಠ್ಯದಲ್ಲಿ ಗಣಿತ ಎರಡು ದಾರಿ: ಅನಾಲಿಸಿಸ್ ಅಂಡ್ ಅಪ್ರೋಚಸ್, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್. ಎರಡರಲ್ಲೂ ಹೈಯರ್ ಮತ್ತು ಸ್ಟ್ಯಾಂಡರ್ಡ್ ಎಂಬ ಎರಡು ಮಟ್ಟ. ಒಟ್ಟು ನಾಲ್ಕು ಸಾಧ್ಯತೆ. ಗಣಿತ ಬಿಗಿಯಾಗಿ ಕೇಳುವ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಹೊರಗುಳಿಯುವುದು ಅಪ್ಲಿಕೇಶನ್ಸ್‌ನ ಸ್ಟ್ಯಾಂಡರ್ಡ್ ಮಟ್ಟ. "ಐಬಿ ಗಣಿತ ಸಾಕು" ಎಂದು ಯಾರಾದರೂ ಹೇಳಿದರೆ, ನಾಲ್ಕರಲ್ಲಿ ಯಾವುದು ಎಂದು ಕೇಳಿ.

ಬ್ರಿಟನ್ನಿನಲ್ಲಿ ಚಿತ್ರ ಬೇರೆ. ಅಲ್ಲಿನ ಅನೇಕ ಬಿಸಿನೆಸ್ ಮತ್ತು ಮ್ಯಾನೇಜ್‌ಮೆಂಟ್ ಪದವಿಗಳು ಎ-ಲೆವೆಲ್‌ನಲ್ಲಿ (ಶಾಲೆಯ ಕೊನೆಯ ಹಂತದ ಪರೀಕ್ಷೆ) ಗಣಿತ ಕೇಳುವುದಿಲ್ಲ, ಅದಕ್ಕೂ ಕೆಳಗಿನ, ಸುಮಾರು ಹದಿನಾರನೇ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಮಟ್ಟದ ಗಣಿತದಲ್ಲಿ ಒಂದು ನಿಗದಿತ ಗ್ರೇಡ್ ಇದ್ದರೆ ಸಾಕೆನ್ನುತ್ತವೆ. ಆದರೆ ಆಕ್ಸ್‌ಫರ್ಡ್‌ನ ಎಕನಾಮಿಕ್ಸ್ ಅಂಡ್ ಮ್ಯಾನೇಜ್‌ಮೆಂಟ್ ಪದವಿಗೆ ಎ-ಲೆವೆಲ್ ಗಣಿತ ಕಡ್ಡಾಯ. ಹೆಸರಿನಲ್ಲಿ ಎಕನಾಮಿಕ್ಸ್ ಅಥವಾ ಫೈನಾನ್ಸ್ ಎಂದು ಕಂಡರೆ ಗಣಿತದ ಷರತ್ತು ಬಿಗಿಯಾಗಿರುತ್ತದೆ ಎಂದುಕೊಂಡೇ ಓದಲು ಶುರು ಮಾಡಿ.

ಆಸ್ಟ್ರೇಲಿಯಾದಲ್ಲಿ ಇನ್ನೊಂದು ಪದ ಎದುರಾಗುತ್ತದೆ: ಅಸ್ಯೂಮ್ಡ್ ನಾಲೆಡ್ಜ್. "ಇಷ್ಟು ನಿಮಗೆ ಗೊತ್ತಿದೆ ಎಂದುಕೊಂಡು ಪಾಠ ಶುರು ಮಾಡುತ್ತೇವೆ" ಎಂದು ಇದರ ಅರ್ಥ. ಮೆಲ್ಬರ್ನ್ ವಿಶ್ವವಿದ್ಯಾಲಯದ ಬಿಕಾಂ, ಮ್ಯಾಥಮ್ಯಾಟಿಕಲ್ ಮೆಥಡ್ಸ್ ಮಟ್ಟದ ಗಣಿತವನ್ನು ಪೂರ್ವಾರ್ಹತೆಯಾಗಿ ಕೇಳುತ್ತದೆ, ಇಲ್ಲದಿದ್ದರೆ ಪ್ರವೇಶವಿಲ್ಲ. ಸಿಡ್ನಿಯ ಯುಎನ್‌ಎಸ್‌ಡಬ್ಲ್ಯು (ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ) ಗಣಿತವನ್ನು ಅಸ್ಯೂಮ್ಡ್ ನಾಲೆಡ್ಜ್ ಎಂದು ಇಟ್ಟಿದೆ, ಇಲ್ಲದಿದ್ದರೂ ಸೇರಬಹುದು. ಆದರೆ ಸೇರಿದ ಮೇಲೆ ಮೊದಲ ಸೆಮಿಸ್ಟರಿನಲ್ಲಿ ಉಸಿರು ಕಟ್ಟುವುದು ನಿಮಗೇ. ಈ ಎರಡನೇ ಬಗೆಯನ್ನು ರಿಯಾಯಿತಿ ಎಂದು ಓದಬೇಡಿ.

ಭಾರತದ ಸಿಬಿಎಸ್‌ಇ ವಿದ್ಯಾರ್ಥಿಗಳಿಗೂ ಒಂದು ಮಾತು. ಹನ್ನೊಂದು, ಹನ್ನೆರಡರಲ್ಲಿ ಈಗ ಮ್ಯಾಥಮ್ಯಾಟಿಕ್ಸ್ ಮತ್ತು ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಎಂದು ಎರಡು ವಿಷಯಗಳಿವೆ. ಎರಡನ್ನೂ ಎಲ್ಲರೂ ಸಮವೆಂದು ಒಪ್ಪುತ್ತಾರೆ ಎಂದುಕೊಳ್ಳಬೇಡಿ. ವಿದೇಶದ ವಿಶ್ವವಿದ್ಯಾಲಯವಾದರೆ ನಿಮ್ಮ ವಿಷಯದ ಪೂರ್ಣ ಹೆಸರು ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಸ್ಪ್ರೆಡ್‌ಶೀಟಿನಲ್ಲಿ ಗಣಿತಕ್ಕೆ ಮೂರು ಕಾಲಂ: ಕೇಳಿರುವ ಕೋರ್ಸಿನ ಪೂರ್ಣ ಹೆಸರು, ಅದರಲ್ಲಿ ಬೇಕಾದ ಕನಿಷ್ಠ ಅಂಕ (ಒಟ್ಟು ಸರಾಸರಿಯ ಜೊತೆಗೆ ಗಣಿತಕ್ಕೇ ಬೇರೆ ಕನಿಷ್ಠ ಇಡುವವರು ಬಹಳ), ನಿಮ್ಮ ಬಳಿ ಅದು ಇದೆಯೇ ಇಲ್ಲವೇ. "ಇಲ್ಲ" ಎಂದಿರುವ ಸಾಲುಗಳಿಗೆ ಬಣ್ಣ ಹಚ್ಚಿ. ಅವುಗಳಿಗೆ ಕೊನೆಯ ಹಂತದಲ್ಲಿ ಮರಳುತ್ತೇವೆ.

ಹಂತ 3: ಇಂಗ್ಲಿಷ್

ಇದು ಚಿಕ್ಕ ಹಂತ. ಎರಡು ಬೇರೆ ಷರತ್ತುಗಳನ್ನು ಜನ ಒಂದೆಂದು ಬೆರೆಸುತ್ತಾರೆ. ಒಂದು, ಶಾಲೆಯಲ್ಲಿ ಓದಿದ ಇಂಗ್ಲಿಷ್ ವಿಷಯದ ಅಂಕ. ಎರಡು, ಐಇಎಲ್‌ಟಿಎಸ್, ಟೋಫೆಲ್‌ನಂಥ ಭಾಷಾ ಪರೀಕ್ಷೆ. ಕೆಲವು ಕಡೆ ಎರಡೂ ಬೇಕು, ಕೆಲವು ಕಡೆ ಇಂಗ್ಲಿಷ್ ಮಾಧ್ಯಮದಲ್ಲಿ ಇಷ್ಟು ವರ್ಷ ಓದಿದ್ದರೆ ಎರಡನೆಯದರಿಂದ ವಿನಾಯಿತಿ. ಆ ವಿನಾಯಿತಿ ತಾನಾಗಿ ಬರುತ್ತದೆಯೋ, ಶಾಲೆಯಿಂದ ಪತ್ರ ತಂದು ಕೇಳಬೇಕೋ ನೋಡಿಕೊಳ್ಳಿ.

ಭಾಷಾ ಪರೀಕ್ಷೆಯಲ್ಲಿ ಒಟ್ಟು ಅಂಕದಷ್ಟೇ ಬಿಡಿ ಭಾಗಗಳ ಅಂಕವನ್ನೂ ಗಮನಿಸಿ. ಒಟ್ಟು 7 ಬ್ಯಾಂಡ್ ಬಂದಿದ್ದರೂ ಬರವಣಿಗೆಯಲ್ಲಿ 6 ಬಂದರೆ, "ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು" ಎನ್ನುವ ಕಡೆ ಅದು ಸಾಲದು. ಐಇಎಲ್‌ಟಿಎಸ್ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಒಪ್ಪುತ್ತಾರೆ, ಹತ್ತನೇ ತರಗತಿಯಲ್ಲೇ ಬರೆದು ಮುಗಿಸುವ ಆತುರ ಬೇಡ.

ಹಂತ 4: ಈಗ ಅಂಕ. ಆದರೆ ಯಾವ ಅಂಕ?

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ವರ್ಷದ, ಯಾವ ವಿಷಯಗಳ ಅಂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ?

ಒಂಟಾರಿಯೊದಲ್ಲಿ ಹನ್ನೆರಡನೇ ತರಗತಿಯ ವಿಶ್ವವಿದ್ಯಾಲಯ ಮಟ್ಟದ ಆರು ಕೋರ್ಸುಗಳ ಸರಾಸರಿ ನೋಡುತ್ತಾರೆ, ಪೂರ್ವಾರ್ಹತೆಯ ಕೋರ್ಸುಗಳು ಆ ಆರರಲ್ಲಿ ಸೇರಲೇಬೇಕು. ಅಂದರೆ ಕ್ಯಾಲ್ಕುಲಸ್‌ನಲ್ಲಿ ಕಡಿಮೆ ಬಂದರೆ ಅದನ್ನು ಬಿಟ್ಟು ಬೇರೆ ವಿಷಯ ಸೇರಿಸಿ ಸರಾಸರಿ ಏರಿಸಲು ಆಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಬರ್ಕ್ಲಿ ಇದರದ್ದೇ ಒಂದು ಕ್ಯಾಂಪಸ್) ಲೆಕ್ಕ ಹಾಕುವ ಜಿಪಿಎಯಲ್ಲಿ (ಗ್ರೇಡುಗಳ ಸರಾಸರಿ) ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡುಗಳಿರುತ್ತವೆ, ಒಂಬತ್ತು ಮತ್ತು ಹನ್ನೆರಡು ಸೇರುವುದಿಲ್ಲ. ಹತ್ತರಲ್ಲಿ ಸಡಿಲಬಿಟ್ಟು ಹನ್ನೆರಡರಲ್ಲಿ ಚೇತರಿಸಿಕೊಂಡ ವಿದ್ಯಾರ್ಥಿ ಮೊದಲನೆಯದರಲ್ಲಿ ಬಲವಾಗಿ ಕಾಣುತ್ತಾನೆ, ಎರಡನೆಯದರಲ್ಲಿ ಅಷ್ಟಾಗಿ ಅಲ್ಲ. ನಿಮ್ಮ ಅಂಕಪಟ್ಟಿ ಯಾವ ಕಡೆ ಚೆನ್ನಾಗಿ ಕಾಣುತ್ತದೆ ಎಂದು ತಿಳಿಯುವುದೇ ಹೋಲಿಕೆಯ ನಿಜವಾದ ಲಾಭ.

ಸಂಖ್ಯೆಗಳ ಅರ್ಥವೂ ಬೇರೆ ಬೇರೆ. ಆಸ್ಟ್ರೇಲಿಯಾದಲ್ಲಿ ಶಾಲೆ ಮುಗಿಸಿದವರಿಗೆ ಕೊಡುವ ಎಟಿಎಆರ್ ನೋಡಲು ಶೇಕಡಾ ಅಂಕದಂತಿದೆ, ಆದರೆ ಅದು ಸ್ಥಾನ. 80 ಎಂದರೆ ನಿಮ್ಮ ವಯೋಮಾನದವರಲ್ಲಿ ಶೇಕಡಾ 80 ಮಂದಿಗಿಂತ ಮೇಲೆ ಎಂದರ್ಥ, ಅತ್ಯಧಿಕ ಮಟ್ಟ 99.95. ಅದಕ್ಕೆ ಹೆಚ್ಚುವರಿ ಅಂಶಗಳು ಸೇರಿದಾಗ ಅದನ್ನು ಸೆಲೆಕ್ಷನ್ ರ‍್ಯಾಂಕ್ ಎನ್ನುತ್ತಾರೆ. ಐಬಿಯಲ್ಲಿ ಆರು ವಿಷಯಕ್ಕೆ ತಲಾ 7ರಂತೆ 42, ಅದರ ಮೇಲೆ ದೀರ್ಘ ಪ್ರಬಂಧ ಮುಂತಾದ ಕಡ್ಡಾಯ ಭಾಗಗಳಿಗೆ 3, ಒಟ್ಟು 45. ಕೆಲವರು 45ರಲ್ಲಿ ಎಷ್ಟು ಎಂದು ಕೇಳುತ್ತಾರೆ, ಕೆಲವರು ಹೈಯರ್ ಮಟ್ಟದ ಮೂರು ವಿಷಯಗಳಲ್ಲಿ ತಲಾ ಎಷ್ಟು ಎಂದೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಎ-ಲೆವೆಲ್ ಗ್ರೇಡುಗಳಿಗೆ ಅಂಕಗಳಿವೆ (ಎ-ಸ್ಟಾರ್‌ಗೆ 56, ಎಗೆ 48, ಬಿಗೆ 40), ಆದರೆ ಬಹಳಷ್ಟು ವಿಶ್ವವಿದ್ಯಾಲಯಗಳು "ಎಎಎ" ಎಂಬಂತೆ ಗ್ರೇಡುಗಳನ್ನೇ ಕೇಳುತ್ತವೆ. ಅಂಥಲ್ಲಿ ಒಟ್ಟು ಅಂಕ ಕೂಡಿಸಿ ಸರಿದೂಗಿಸಲು ಬರುವುದಿಲ್ಲ.

ಆದ್ದರಿಂದ ಒಂದು ಪದ್ಧತಿಯ ಅಂಕವನ್ನು ಇನ್ನೊಂದಕ್ಕೆ ನೀವೇ ಪರಿವರ್ತಿಸಬೇಡಿ. ಅಂತರ್ಜಾಲದಲ್ಲಿ ಸಿಗುವ ಶೇಕಡಾ-ಜಿಪಿಎ ಕೋಷ್ಟಕಗಳನ್ನು ಪ್ರವೇಶ ಕಚೇರಿಗಳು ಬಳಸುತ್ತವೆ ಎಂಬ ಭರವಸೆ ಇಲ್ಲ. ನಿಮ್ಮ ಬೋರ್ಡಿನ ಹೆಸರಿನಲ್ಲೇ ಷರತ್ತು ಕೊಟ್ಟಿರುವ ಪುಟ ಬಹುತೇಕ ಕಡೆ ಇರುತ್ತದೆ, "ಅಂತಾರಾಷ್ಟ್ರೀಯ ಅರ್ಹತೆಗಳು" ಎಂಬ ಭಾಗದಲ್ಲಿ ಹುಡುಕಿ.

ಇನ್ನೊಂದು: ಅಂತಿಮ ಫಲಿತಾಂಶ ಬರುವ ಮೊದಲೇ ಸಿಗುವ ಪ್ರವೇಶಪತ್ರ ಸಾಮಾನ್ಯವಾಗಿ ಷರತ್ತಿನದು. ಅಂತಿಮ ಅಂಕ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಅದನ್ನು ಹಿಂತೆಗೆದುಕೊಳ್ಳುವ ಹಕ್ಕು ವಿಶ್ವವಿದ್ಯಾಲಯಕ್ಕೆ ಇರುತ್ತದೆ. ಪತ್ರ ಸಿಕ್ಕಿತೆಂದು ಕೊನೆಯ ತಿಂಗಳುಗಳಲ್ಲಿ ಓದು ಬಿಟ್ಟವರ ಪಾಡು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹಂತ 5: ಪ್ರವೇಶ ಪರೀಕ್ಷೆ ಇದೆಯೇ?

ಅಮೆರಿಕದಲ್ಲಿ ಎಸ್‌ಎಟಿ ಅಥವಾ ಎಸಿಟಿ ವಿಷಯದಲ್ಲಿ ಮೂರು ನಿಲುವುಗಳಿವೆ. ಕಡ್ಡಾಯ. ಐಚ್ಛಿಕ, ಅಂದರೆ ಕಳುಹಿಸಿದರೆ ನೋಡುತ್ತಾರೆ, ಇಲ್ಲದಿದ್ದರೂ ನಡೆಯುತ್ತದೆ. ಮೂರನೆಯದು ಟೆಸ್ಟ್-ಬ್ಲೈಂಡ್, ಅಂದರೆ ಕಳುಹಿಸಿದರೂ ಪ್ರವೇಶದ ನಿರ್ಧಾರಕ್ಕೆ ಅದನ್ನು ಬಳಸುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಈ ಮೂರನೇ ನಿಲುವು. ಕೋವಿಡ್ ಕಾಲದಲ್ಲಿ ಐಚ್ಛಿಕ ಮಾಡಿದ್ದ ಕೆಲವರು ಮತ್ತೆ ಕಡ್ಡಾಯಕ್ಕೆ ಮರಳಿದ್ದಾರೆ. ಎಂಐಟಿ 2022ರಲ್ಲೇ ಹಾಗೆ ಘೋಷಿಸಿತು, ವಾರ್ಟನ್ ಇರುವ ಪೆನ್ಸಿಲ್ವೇನಿಯಾ ಆಮೇಲೆ ಅದೇ ದಾರಿ ಹಿಡಿಯಿತು. ಹೋದ ವರ್ಷ ಸೇರಿದ ಗೆಳೆಯರ ಮಾತನ್ನು ಈ ವಿಷಯದಲ್ಲಂತೂ ನೆಚ್ಚಬೇಡಿ.

ಭಾರತದಲ್ಲಿ ಪರೀಕ್ಷೆಯೇ ಮುಖ್ಯ ದ್ವಾರ. ಐಐಎಂ ಇಂದೋರಿನ ಐಪಿಎಂಗೆ ಐಪಿಎಂಎಟಿ, ಐಐಎಂ ಜಮ್ಮು ಮತ್ತು ಬೋಧಗಯಾದ ಐಪಿಎಂಗೆ ಜಿಪ್‌ಮ್ಯಾಟ್, ಅನೇಕ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ. ಐಪಿಎಂಎಟಿಯಲ್ಲಿ ಗಣಿತಕ್ಕೂ ಭಾಷೆಗೂ ಪ್ರತ್ಯೇಕ ಕಟ್‌-ಆಫ್ ಇರುತ್ತದೆ, ಒಂದರಲ್ಲಿ ಬಿದ್ದರೆ ಇನ್ನೊಂದರ ಹೆಚ್ಚಿನ ಅಂಕ ಎತ್ತಿಹಿಡಿಯುವುದಿಲ್ಲ. ಸಿಯುಇಟಿಯಲ್ಲಿ ಯಾವ ವಿಷಯಗಳನ್ನು ಬರೆಯಬೇಕು ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಪದವಿ ಬಿಎಂಎಸ್‌ಗೆ ಅದರಲ್ಲಿ ಗಣಿತ ಬರೆದಿರಬೇಕು. ಪರೀಕ್ಷೆಗೆ ನೋಂದಾಯಿಸುವಾಗಲೇ ವಿಷಯ ಆರಿಸಬೇಕಾದ್ದರಿಂದ, ಕೋರ್ಸಿನ ಷರತ್ತನ್ನು ಮೊದಲು ಓದಿ ಆಮೇಲೆ ನೋಂದಣಿ ಮಾಡಿ.

ಹಂತ 6: ಅಂಕದಾಚೆಗೆ ಏನು ಕೇಳುತ್ತಾರೆ

ಹೋಲಿಸ್ಟಿಕ್ ರಿವ್ಯೂ ಎಂಬ ಪದ ನೋಡಿರುತ್ತೀರಿ. ಅಂಕದ ಜೊತೆ ಚಟುವಟಿಕೆ, ಬರಹ, ಶಿಫಾರಸು, ಓದಿದ ಪರಿಸರ ಎಲ್ಲವನ್ನೂ ಒಟ್ಟಾಗಿ ತೂಗುವ ಪದ್ಧತಿ ಅದು. ಬಿಸಿನೆಸ್ ಕೋರ್ಸುಗಳಲ್ಲಿ ಇದರ ಮೇಲೆ ಇನ್ನೊಂದು ಪದರವಿರುತ್ತದೆ: ಪೂರಕ ಅರ್ಜಿ, ಅಂದರೆ ಆ ಸ್ಕೂಲು ಪ್ರತ್ಯೇಕವಾಗಿ ಕೇಳುವ ಪ್ರಶ್ನೆಗಳು. ಶೂಲಿಕ್, ರಾಟ್‌ಮನ್ ಎರಡೂ ಮುಖ್ಯ ಅರ್ಜಿಯ ಜೊತೆಗೆ ಇದನ್ನು ಕೇಳುತ್ತವೆ. ಕೆಲವು ಕಡೆ ವಿಡಿಯೋ ಉತ್ತರವೂ ಇರುತ್ತದೆ: ಪ್ರಶ್ನೆ ತೆರೆಯ ಮೇಲೆ ಬರುತ್ತದೆ, ಯೋಚಿಸಲು ಚೂರು ಸಮಯ, ಆಮೇಲೆ ಕ್ಯಾಮೆರಾ ಮುಂದೆ ಮಾತು. ಮಿಚಿಗನ್ ವಿಶ್ವವಿದ್ಯಾಲಯದ ರಾಸ್ ಸ್ಕೂಲ್ ಪೋರ್ಟ್‌ಫೋಲಿಯೋ ಕೇಳುತ್ತದೆ. ಅದರಲ್ಲಿ ಒಂದು ಬಿಸಿನೆಸ್ ಸಮಸ್ಯೆಗೆ ನಿಮ್ಮ ಉತ್ತರವೂ, ನೀವು ಮಾಡಿ ಕಲಿತದ್ದರ ಒಂದು ಸಾಕ್ಷಿಯೂ ಇರಬೇಕು.

ಬ್ರಿಟನ್ನಿನ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯಾದ ಯುಕಾಸ್ ಮೂಲಕ ಐದು ಆಯ್ಕೆಗಳಿಗೆ ಒಂದೇ ಅರ್ಜಿ, ಒಂದೇ ವೈಯಕ್ತಿಕ ಹೇಳಿಕೆ. 2026ರ ಪ್ರವೇಶದಿಂದ ಆ ಹೇಳಿಕೆಯನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ, ಒಟ್ಟು 4,000 ಅಕ್ಷರಗಳ ಮಿತಿ ಹಾಗೇ ಉಳಿದಿದೆ. ಒಂದೇ ಬರಹ ಐದು ಕಡೆಗೂ ಹೋಗುವುದರಿಂದ ಮೂರು ಆಯ್ಕೆ ಮಾರ್ಕೆಟಿಂಗ್, ಎರಡು ಮನಶ್ಶಾಸ್ತ್ರ ಎಂದು ಚದುರಿಸಿದರೆ ಬರಹ ಎಲ್ಲಿಯೂ ನಿಲ್ಲುವುದಿಲ್ಲ. ನಕಲು ಮಾಡಿದ್ದಾರೆಯೇ ಎಂದು ಯುಕಾಸ್ ಈ ಬರಹಗಳನ್ನು ಬೇರೆ ಬರಹಗಳ ಜೊತೆ ಹೋಲಿಸಿ ನೋಡುತ್ತದೆ ಎಂಬುದೂ ನೆನಪಿರಲಿ.

ಚಟುವಟಿಕೆಗಳ ಬಗ್ಗೆ ನನ್ನ ಅಭಿಪ್ರಾಯ: ಹನ್ನೆರಡನೇ ತರಗತಿಯಲ್ಲಿ ಅವಸರಕ್ಕೆ ಹುಟ್ಟುವ ಕ್ಲಬ್ಬುಗಳಿಗಿಂತ, ಎರಡು ವರ್ಷ ಬಿಡದೆ ಮಾಡಿದ ಒಂದು ಕೆಲಸ ಹೆಚ್ಚು ಬೆಲೆಯದು. ಮನೆಯ ಅಂಗಡಿಯ ಲೆಕ್ಕ ನೋಡಿಕೊಂಡಿದ್ದರೆ ಅದನ್ನು ಬರೆಯಲು ಸಂಕೋಚ ಬೇಡ. ಅದಕ್ಕಿಂತ ನೇರವಾದ ವ್ಯಾಪಾರದ ಅನುಭವ ಹದಿನೇಳರ ವಯಸ್ಸಿನಲ್ಲಿ ಎಷ್ಟು ಜನಕ್ಕಿದೆ?

ಹಂತ 7: ದಿನಾಂಕಗಳನ್ನು ಒಂದೇ ಸಾಲಿಗೆ ತನ್ನಿ

ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15. ಬ್ರಿಟನ್ನಿನ ಉಳಿದ ಬಹುತೇಕ ಪದವಿಗಳಿಗೆ ಜನವರಿ ಮಧ್ಯಭಾಗ. ನೆದರ್‌ಲ್ಯಾಂಡ್ಸ್‌ನಲ್ಲಿ ಸೀಟಿನ ಮಿತಿ ಇರುವ ಕೋರ್ಸುಗಳನ್ನು ನ್ಯೂಮರಸ್ ಫಿಕ್ಸಸ್ ಎನ್ನುತ್ತಾರೆ, ಅವಕ್ಕೆ ಜನವರಿ 15. ರಾಟರ್‌ಡ್ಯಾಮಿನ ಎರಾಸ್ಮಸ್ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಅಂಥದ್ದೇ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನವೆಂಬರ್ ಆರಂಭದ ಅರ್ಲಿ ಡಿಸಿಷನ್ ಎಂಬುದಿದೆ. ಅದು ಬದ್ಧತೆಯ ಅರ್ಜಿ: ಸೀಟು ಸಿಕ್ಕರೆ ಸೇರುತ್ತೇನೆ, ಉಳಿದ ಅರ್ಜಿಗಳನ್ನು ಹಿಂತೆಗೆಯುತ್ತೇನೆ ಎಂದು ಮೊದಲೇ ಸಹಿ ಹಾಕುತ್ತೀರಿ. ಶುಲ್ಕ ಮತ್ತು ವಿದ್ಯಾರ್ಥಿವೇತನಗಳನ್ನು ಹೋಲಿಸಿ ನೋಡಬೇಕಾದ ಕುಟುಂಬಗಳು ಇದಕ್ಕೆ ಕೈ ಹಾಕುವ ಮುನ್ನ ಚೆನ್ನಾಗಿ ಯೋಚಿಸಬೇಕು.

ಒಂದೊಂದು ಕೋರ್ಸಿಗೂ ನಾಲ್ಕು ದಿನಾಂಕ ಬರೆಯಿರಿ: ಮುಖ್ಯ ಅರ್ಜಿ, ಪೂರಕ ಅರ್ಜಿ, ದಾಖಲೆ ಮತ್ತು ಪರೀಕ್ಷಾ ಅಂಕ ತಲುಪಬೇಕಾದ ದಿನ, ವಿದ್ಯಾರ್ಥಿವೇತನದ ಅರ್ಜಿ. ಇವು ಒಂದೇ ದಿನ ಇರುವುದು ಅಪರೂಪ. ಮುಖ್ಯ ಅರ್ಜಿ ಹಾಕಿ ನಿರಾಳರಾಗಿ ಪೂರಕ ಅರ್ಜಿಯ ಇಮೇಲನ್ನು ಸ್ಪ್ಯಾಮ್‌ನಲ್ಲಿ ಕಳೆದುಕೊಳ್ಳುವುದು ತೀರಾ ಸಾಮಾನ್ಯ. ಸಮಯವಲಯವನ್ನೂ ಪಕ್ಕದಲ್ಲೇ ಗುರುತು ಮಾಡಿ.

ಹಂತ 8: ಅನುಮಾನ ಇರುವಲ್ಲಿ ಬರೆದು ಕೇಳಿ

ಪ್ರತಿ ಪುಟದಲ್ಲಿ ಅದು ಯಾವ ವರ್ಷದ ಪ್ರವೇಶಕ್ಕೆ ಅನ್ವಯಿಸುತ್ತದೆ ಎಂದು ಮೊದಲು ಹುಡುಕಿ. ಪುಟದ ಪ್ರತಿಯನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಏಜೆಂಟರು, ರ‍್ಯಾಂಕಿಂಗ್ ತಾಣಗಳು ಕೊಡುವ ಷರತ್ತುಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಲೇಬೇಡಿ.

ಪ್ರವೇಶ ಕಚೇರಿಗೆ ಬರೆಯುವಾಗ "ನನಗೆ ಸೀಟು ಸಿಗಬಹುದೇ" ಎಂದು ಕೇಳಿದರೆ ಸಿದ್ಧ ಉತ್ತರ ಬರುತ್ತದೆ. ಪ್ರಶ್ನೆ ಹೀಗಿರಲಿ:

"ನಾನು ಇಂಥ ಬೋರ್ಡಿನಲ್ಲಿ ಹನ್ನೆರಡನೇ ತರಗತಿ ಓದುತ್ತಿದ್ದೇನೆ. ನನ್ನ ಗಣಿತ ವಿಷಯದ ಪೂರ್ಣ ಹೆಸರು ಮತ್ತು ಕೋಡ್ ಇದು, ಪಠ್ಯಕ್ರಮ ಲಗತ್ತಿಸಿದ್ದೇನೆ. ಇಂಥ ವರ್ಷದ ಪ್ರವೇಶಕ್ಕೆ, ಇಂಥ ಪದವಿಯ ಗಣಿತದ ಪೂರ್ವಾರ್ಹತೆಯನ್ನು ಇದು ಪೂರೈಸುತ್ತದೆಯೇ? ಇಲ್ಲದಿದ್ದರೆ ಯಾವ ಕೋರ್ಸನ್ನು, ಯಾವ ದಿನಾಂಕದೊಳಗೆ ಮುಗಿಸಿದರೆ ಒಪ್ಪುತ್ತೀರಿ?"

ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವ ಸಂಭವ ಹೆಚ್ಚು. ಪತ್ರವನ್ನು ವಿದ್ಯಾರ್ಥಿಯೇ ಬರೆಯಲಿ, ತಂದೆತಾಯಿಯರು ಓದಿ ತಿದ್ದಲಿ.

ಹಂತ 9: ಬಣ್ಣ ಹಚ್ಚಿದ ಸಾಲುಗಳಿಗೆ ಮರಳಿ

ಪೂರ್ವಾರ್ಹತೆ ಇಲ್ಲ ಎಂದು ಗುರುತಿಸಿದ ಕೋರ್ಸುಗಳನ್ನು ಒಂದೊಂದಾಗಿ ನೋಡಿ. ಅರ್ಜಿಗೆ ಇನ್ನೂ ಒಂದು ವರ್ಷವಿದ್ದರೆ ಬೇಸಿಗೆ ತರಗತಿ, ಸಂಜೆ ಶಾಲೆ, ಮಾನ್ಯತೆ ಪಡೆದ ಆನ್‌ಲೈನ್ ಕೋರ್ಸು, ಇವುಗಳಲ್ಲಿ ಒಂದರ ಮೂಲಕ ಆ ಗಣಿತವನ್ನು ಮುಗಿಸುವ ದಾರಿ ಹಲವು ಕಡೆ ಇದೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಹೊರಗಡೆ ಮುಗಿಸಿದ ಅಥವಾ ಮತ್ತೆ ಓದಿದ ಕೋರ್ಸನ್ನು ಒಂದೇ ರೀತಿ ಕಾಣುವುದಿಲ್ಲ. ಮೊದಲ ಸಲದ ಅಂಕವನ್ನೇ ಹಿಡಿಯುವವರಿದ್ದಾರೆ, ಎರಡರ ಸರಾಸರಿ ತೆಗೆಯುವವರಿದ್ದಾರೆ, ಹೊಸದನ್ನು ಯಾವ ಪ್ರಶ್ನೆಯೂ ಇಲ್ಲದೆ ಒಪ್ಪುವವರೂ ಇದ್ದಾರೆ.

ಸಮಯ ಮೀರಿದ್ದರೆ ಎರಡು ದಾರಿ ಉಳಿಯುತ್ತವೆ. ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಷರತ್ತು ಸಡಿಲವಿರುವ ಬೇರೆ ಪದವಿಗೆ ಸೇರಿ ಒಳಗಿನಿಂದ ವರ್ಗಾವಣೆ ಕೇಳುವುದು ಒಂದು. ಇದನ್ನು ಆರಿಸುವವರು ವರ್ಗಾವಣೆಗೆ ಬೇಕಾದ ಸರಾಸರಿ ಮತ್ತು ಕೋರ್ಸುಗಳನ್ನು ಹಂತ 1ರಲ್ಲಿ ಹೇಳಿದಂತೆ ಬರೆದುಕೊಂಡೇ ಹೊರಡಬೇಕು. ಇನ್ನೊಂದು, ಒಂದು ವರ್ಷ ತಡೆದು ಆ ವಿಷಯ ಮುಗಿಸಿ ಅರ್ಜಿ ಹಾಕುವುದು. ಹದಿನೆಂಟರ ವಯಸ್ಸಿನಲ್ಲಿ ಒಂದು ವರ್ಷ ತಡವಾಯಿತೆಂದು ಬಾಗಿಲು ಮುಚ್ಚುವ ವಿಶ್ವವಿದ್ಯಾಲಯ ಕಡಿಮೆ, ಆದರೆ ಐಪಿಎಂನಂಥ ಕೆಲವು ಪ್ರವೇಶಗಳಿಗೆ ವಯೋಮಿತಿ ಮತ್ತು ಹನ್ನೆರಡನೇ ತರಗತಿ ಮುಗಿಸಿದ ವರ್ಷದ ಮಿತಿ ಇರುತ್ತದೆ. ಹೆಚ್ಚುವರಿ ಕೋರ್ಸಿಗೆ ಹಣ ಕಟ್ಟುವ ಮುನ್ನ ಆ ಮಿತಿಯನ್ನು, ಕೋರ್ಸಿನ ಅಂಕ ಪ್ರವೇಶ ಕಚೇರಿಗೆ ತಲುಪಬೇಕಾದ ಕೊನೆಯ ದಿನವನ್ನು, ಅದನ್ನು ಕಳುಹಿಸಬೇಕಾದವರು ನೀವೋ ಶಾಲೆಯೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ.